ಸುಣ್ಣದ ಕಲ್ಲು

ಲಾಡಬಿಗೆ ಎರಡು ಧ್ವನಿಗಳಿದ್ದವು. ಒಂದು ಹಕ್ಕಿಗಳ ಜೊತೆ ಮಾತಾಡುವುದಕ್ಕೆ, ಇನ್ನೊಂದು ಹಕ್ಕಿ ನೋಡಲು ಬಂದ ಮಂದಿಯನ್ನು ಬೈಯುವುದಕ್ಕೆ. ಮೊದಲನೆಯದನ್ನು ಕೇಳಿದವರು ಕಡಿಮೆ. ಎರಡನೆಯದು ಬಾಗಲಕೋಟೆಯ ಹಿನ್ನೀರಿನ ಆಚೆ ದಂಡೆಗೂ ಕೇಳಿಸುತ್ತಿತ್ತು.

ಅವಳು ಅಲ್ಲಿಯ ಪಕ್ಷಿಧಾಮದ ಕಾವಲುಗಾರ್ತಿ. ಸೀರೆಯ ಮೇಲೆ ಗಂಡಸರ ಖಾಕಿ ಅಂಗಿ, ಕೈಯಲ್ಲೊಂದು ಬಡಿಗೆ. ಬೇಸಿಗೆಯಲ್ಲಿ ಘಟಪ್ರಭೆಯ ನೀರು ಹಿಂದೆ ಸರಿದು ನೆಲ ತೆರೆದುಕೊಂಡ ಕೂಡಲೇ ರೀವ ಹಕ್ಕಿಗಳು ಬರುತ್ತಿದ್ದವು. ಬಿಳಿ ಮೈ, ಕರಿ ಟೋಪಿ, ಹಳದಿ ಕೊಕ್ಕು. ಗೂಡು ಕಟ್ಟುವ ಗೊಡವೆಯೇ ಇಲ್ಲದೆ ಬರಿ ನೆಲದ ಮೇಲೆ ಮೊಟ್ಟೆಯಿಡುವ ಭಂಡ ಹಕ್ಕಿಗಳು. ಮೊಟ್ಟೆಯ ಬಣ್ಣವೂ ಮಣ್ಣಿನದೇ, ಕಾಲಿಟ್ಟ ಮೇಲೆಯೇ ಗೊತ್ತಾಗುವುದು. ಅದಕ್ಕಾಗಿ ಲಾಡಬಿ ಮೊಟ್ಟೆ ಇದ್ದಲ್ಲೆಲ್ಲ ಸುತ್ತಲೂ ಕಲ್ಲಿಟ್ಟು ಸುಣ್ಣ ಬಳಿದಿದ್ದಳು.

ಹಾಗೆ ತೆರೆದುಕೊಳ್ಳುವ ನೆಲ ಅವಳ ತವರೂರೇ. ಆಣೆಕಟ್ಟಿನ ನೀರು ಬಂದು ಊರು ಮುಳುಗಿತು, ಗೋಡೆಗಳು ಕರಗಿದವು, ಮಸೀದಿಯ ಕಟ್ಟೆಯೂ ಹೂತುಹೋಯಿತು. ಉಳಿದದ್ದು ಹಗೇವುಗಳು ಮಾತ್ರ. ಒಂದು ಕಾಲಕ್ಕೆ ಮನೆಮನೆಯ ಅಂಗಳದಲ್ಲಿ ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಕಣಜಗಳು, ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಈಗ ಅವುಗಳ ಬಾಯಿಗೆ ನೀರು ತಂದು ಬಿಟ್ಟ ಒಣ ರೇವೆಯ ಹಪ್ಪಳದಂಥ ಪದರ, ಒಳಗೆ ರಾಡಿ. ಮೇಲಿನ ಸಾಹೇಬರು ಎಲ್ಲವನ್ನೂ ಮುಚ್ಚಿಸು ಎಂದಿದ್ದರು. ಲಾಡಬಿ ಮುಚ್ಚಿಸಿದಳು, ಒಂದನ್ನು ಬಿಟ್ಟು.

ಆ ಒಂದು ಅವಳ ಅಪ್ಪ ಖಾಸಿಂಸಾಬನದು. ತಾನು ಆಡಿ ಬೆಳೆದ ಅಂಗಳ ಎಲ್ಲಿತ್ತು ಎಂದು ಹೇಳಲು ಆ ಬಾಯಿಯೊಂದೇ ಗುರುತು. ಅದನ್ನೂ ಮುಚ್ಚಲು ಅವಳಿಗೆ ಮನಸ್ಸಾಗಲಿಲ್ಲ. ಯಾರೂ ತುಳಿಯದಿರಲಿ ಎಂದು ಸುತ್ತಲೂ ಕಲ್ಲಿಟ್ಟಳು. ಬಕೆಟ್ಟಿನಲ್ಲಿ ಸುಣ್ಣ ಮಿಕ್ಕಿತ್ತು, ಅದಕ್ಕೂ ಬಳಿದಳು. ಊರ ಮಂದಿಗೆಲ್ಲ ಬುದ್ಧಿ ಹೇಳುವವಳ ಬುದ್ಧಿ ಆ ಹೊತ್ತು ಎಲ್ಲಿಗೆ ಹೋಗಿತ್ತೋ!

ಮೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಮಕ್ಕಳುಮರಿ ಕಟ್ಟಿಕೊಂಡು ಕೆಲವು ಕುಟುಂಬಗಳು ಬಂದಿದ್ದವು. ಅವರಲ್ಲಿ ಬಾದಾಮಿಯ ಸತ್ಯಬೋಧ ಮಾಸ್ತರರು, ಹೆಂಡತಿ ಶುಭದಾ, ಅಜ್ಜಿ ಭಾಗೀರಥೀಬಾಯಿಯ ಹೆಸರು ಹೊತ್ತ ಮಗಳು ಭಾಗೂ. ಹುಡುಗಿಗೆ ಇನ್ನೂ ಹಾಲುಹಲ್ಲು ಬೀಳುವ ವಯಸ್ಸು.

"ಸುಣ್ಣದ ಕಲ್ಲು ಕಂಡ್ರ ಅಲ್ಲೆ ತತ್ತಿ ಅದಾವ ಅಂತ ತಿಳ್ಕೋರಿ," ಎಂದು ಲಾಡಬಿ ಮಕ್ಕಳಿಗೆ ಹೇಳಿದಳು. "ದೂರ ನಿಂತು ನೋಡ್ರಿ. ಹತ್ರ ಹೋದ್ರ ಅದರವ್ವ ಬಂದು ತಲಿಗೆ ಕುಕ್ಕತಾಳ."

ಆಮೇಲೆ ಹಕ್ಕಿ ಇಳಿಯುವ ಆಟ ಆಡಿಸಿದಳು. "ರೆಕ್ಕಿ ಮ್ಯಾಲ!" ಎಂದರೆ ಎರಡೂ ಕೈ ಆಕಾಶಕ್ಕೆ. "ರೆಕ್ಕಿ ಮುಚ್ಚು!" ಎಂದರೆ ಕೈ ಪಕ್ಕೆಗೆ ಬಿಗಿ. ಎಲ್ಲರಿಗಿಂತ ಚಂದ ಇಳಿದವಳು ಭಾಗೂ.

ಬಿಸಿಲೇರಿತು. ತಾಡಪಾಲಿನ ನೆರಳಿನಲ್ಲಿ ಬುತ್ತಿ ಬಿಚ್ಚಿದರು. ಮಗಳಿಗೆ ರೊಟ್ಟಿ ಕೊಡಲು ತಿರುಗಿದ ಶುಭದಾ ಅತ್ತಿತ್ತ ನೋಡಿದರು.

"ಭಾಗೂ ಎಲ್ಲಿದಾಳ್ರಿ?"

"ನಿನ್ನ ಹತ್ರನ ಇದ್ದಳಲ್ಲ," ಎಂದರು ಮಾಸ್ತರರು.

ಕೂಗಿದರು. ಉತ್ತರವಿಲ್ಲ. ಮಾಸ್ತರರು ನೀರಿನ ಕಡೆಗೆ ಓಡಿದರು. ಲಾಡಬಿ ಓಡದೆ ನಿಂತು ಆಕಾಶ ನೋಡಿದಳು. ಗೂಡಿನ ಹತ್ತಿರ ಯಾರೇ ಹೋಗಲಿ, ರೀವಗಳು ಕಿರುಚಿಕೊಂಡು ಮೇಲೆರಗುತ್ತವೆ. ಈಗ ಒಂದೂ ಕೂಗುತ್ತಿಲ್ಲ. ಎಲ್ಲವೂ ಮೊಟ್ಟೆಗಳಿಗೆ ನೆರಳಾಗಿ ತಣ್ಣಗೆ ಕೂತಿವೆ. ಹಾಗಾದರೆ ಹುಡುಗಿ ಯಾವ ಮೊಟ್ಟೆಯ ಹತ್ತಿರವೂ ಹೋಗಿಲ್ಲ. ಹಕ್ಕಿಯಿಲ್ಲದ ಸುಣ್ಣದ ಕಲ್ಲು ಅಲ್ಲಿ ಒಂದೇ.

"ಯಾ ಅಲ್ಲಾ," ಎಂದವಳೇ ಬಡಿಗೆ ಬಿಸಾಕಿ ಓಡಿದಳು.

ಕಲ್ಲಿನ ನಡುವೆ ರೇವೆ ಕುಸಿದು ಕಪ್ಪು ತೂತು ಬಿದ್ದಿತ್ತು. ಕೊಳೆತ ವಾಸನೆ ಗಪ್ಪೆಂದು ಮುಖಕ್ಕೆ ಹೊಡೆಯಿತು. ಲಾಡಬಿ ಬೋರಲು ಮಲಗಿ ಇಣುಕಿದಳು. ಎದೆಮಟ್ಟ ರಾಡಿಯಲ್ಲಿ ಹೂತುಹೋದ ಭಾಗೂ ಮೇಲೆ ನೋಡುತ್ತಿದ್ದಳು. ಅಳುತ್ತಿರಲಿಲ್ಲ. ಅಳದೆ ಇದ್ದದ್ದೇ ಲಾಡಬಿಗೆ ಹೆಚ್ಚು ಹೆದರಿಕೆ ತಂದಿತು.

ಅಷ್ಟರಲ್ಲಿ ಮಾಸ್ತರರು ಬಂದು ತೂತಿಗೆ ಕಾಲು ಇಳಿಬಿಟ್ಟರು. ಲಾಡಬಿ ಅವರ ಅಂಗಿ ಹಿಡಿದು ಹಿಂದಕ್ಕೆ ಎಳೆದು ಕೆಡವಿದಳು.

"ಇಳೀಬ್ಯಾಡ್ರಿ! ಒಳಗ ಗಾಳಿ ಕೆಟ್ಟೈತಿ. ನೀವು ಇಳದ್ರ ಆಕೀ ತಲಿಮ್ಯಾಲನ ಬೀಳ್ತೀರಿ."

"ನನ್ನ ಮಗಳ್ರೀ ಆಕಿ!"

"ಗೊತ್ತೈತ್ರಿ. ಅದಕ್ಕ ಹೇಳಾಕತ್ತೇನಿ!"

ಚಿಕ್ಕವಳಿದ್ದಾಗ ಇದೇ ಹಗೇವಿಗೆ ಅವಳನ್ನೂ ಇಳಿಸುತ್ತಿದ್ದರು, ತಳದಲ್ಲಿ ಉಳಿದ ಜೋಳ ಬಳಿಯಲು. ಅಪ್ಪ ಮೊದಲು ಬಾಯಿ ತೆರೆದು ಬಹಳ ಹೊತ್ತು ಬಿಡುತ್ತಿದ್ದ. ಆಮೇಲೆ ಕಂದೀಲು ಇಳಿಸಿ, ಅದು ಆರದಿದ್ದರಷ್ಟೇ ಮಗಳ ಕಂಕುಳಡಿ ಹಗ್ಗ ಬಿಗಿಯುತ್ತಿದ್ದ. ಈಗ ಕಂದೀಲಿಗೆ ಹೊತ್ತಿಲ್ಲ, ಹಗ್ಗವೂ ಇಲ್ಲ. ಲಾಡಬಿ ಸೀರೆ ಬಿಚ್ಚಿದಳು. ಬರಿ ಲಂಗ, ಖಾಕಿ ಅಂಗಿಯಲ್ಲಿ ನಿಂತ ಅವಳಿಗೆ ಸುತ್ತ ಮಂದಿ ನೆರೆದದ್ದು ಕಾಣಿಸಲೇ ಇಲ್ಲ. ಸೀರೆಯನ್ನು ಹುರಿ ಮಾಡಿ, ಎಳೆದಂತೆ ಬಿಗಿಯಾಗುವ ಅಪ್ಪನ ಗಂಟು ಹಾಕಿ ಕುಣಿಕೆಯನ್ನು ಕೆಳಗೆ ಬಿಟ್ಟಳು.

"ಭಾಗೂ, ಇದನ್ನ ಕೊಳ್ಳಾಗ ಹಾಕ್ಕೊಬ್ಯಾಡ. ಕೈ ತೂರಸು."

ಹುಡುಗಿಯ ತಲೆ ಪಕ್ಕಕ್ಕೆ ವಾಲಿತು. ಕಣ್ಣು ಮುಚ್ಚುತ್ತಿದ್ದವು. ಶುಭದಾ ಮಗಳ ಹೆಸರು ಹಿಡಿದು ಕೂಗಿದರು, ಹುಡುಗಿ ಅಲುಗಲಿಲ್ಲ. ಲಾಡಬಿ ಉಸಿರೆಳೆದುಕೊಂಡು ಆಚೆ ದಂಡೆಗೆ ಕೇಳುವ ಆ ಧ್ವನಿಯನ್ನು ತೂತಿನೊಳಗೆ ಬಿಟ್ಟಳು.

"ರೆಕ್ಕಿ ಮ್ಯಾಲ!"

ರಾಡಿ ಮೆತ್ತಿದ ಎರಡು ಕೈಗಳು ನಿಧಾನಕ್ಕೆ ಮೇಲೆದ್ದವು. ಲಾಡಬಿ ಕುಣಿಕೆಯನ್ನು ಅವುಗಳ ಮೇಲಿಂದ ಜಾರಿಸಿ ಕಂಕುಳ ತನಕ ಇಳಿಸಿದಳು.

"ರೆಕ್ಕಿ ಮುಚ್ಚು! ಮುಚ್ಚು ನನ್ನವ್ವ!"

ಕೈಗಳು ಪಕ್ಕೆಗೆ ಬಿಗಿದವು. ಎಲ್ಲರೂ ಸೇರಿ ಎಳೆದರು. ರಾಡಿ ಹುಡುಗಿಯನ್ನು ಸುಲಭಕ್ಕೆ ಬಿಡಲಿಲ್ಲ. ಸೀರೆಯ ಅಂಚು ಚರ್‌ ಎಂದು ಹರಿಯಿತು, ಆದರೆ ಗಂಟು ಹಿಡಿದಿತ್ತು. ಕಡೆಗೆ ಹುಡುಗಿ ಹಗೇವಿನ ಬಾಯಿಂದ ಹೊರಗೆ ಬಂದು ಬಿಸಿ ನೆಲದ ಮೇಲೆ ಬಿದ್ದಳು. ಉಸಿರೆಳೆದಳು, ಕೆಮ್ಮಿದಳು, ವಾಂತಿ ಮಾಡಿದಳು. ಲಾಡಬಿಯನ್ನು ನೋಡಿ ತಕರಾರು ತೆಗೆದಳು.

"ಅಜ್ಜಿ, ಅಲ್ಲೆ ತತ್ತಿ ಇರಲಿಲ್ಲ."

ಲಾಡಬಿ ಆ ರಾಡಿಮೈಯನ್ನು ಅಪ್ಪಿಕೊಂಡು ಹೋ ಎಂದು ಅತ್ತಳು. ಮಾಸ್ತರರು ಸುತ್ತಲಿನ ಬಿಳಿ ಕಲ್ಲುಗಳತ್ತ ಬೆರಳು ಮಾಡಿದರು.

"ಇಲ್ಲೆ ಸುಣ್ಣ ಹಚ್ಚಿದವರು ಯಾರ್ರಿ?"

"ನಾನ ರೀ," ಎಂದಳು ಲಾಡಬಿ. "ನಮ್ಮಪ್ಪನ ಹಗೇವು ಅದು. ಮುಚ್ಚಾಕ ಮನಸ್ಸಾಗಲಿಲ್ಲರೀ."

ಮಾಸ್ತರರು ಮಗಳನ್ನು ಎತ್ತಿಕೊಂಡು ದವಾಖಾನೆಗೆ ಹೊರಟರು. ಶುಭದಾ ತಮ್ಮ ಓಢಣಿಯನ್ನು ಲಾಡಬಿಯ ಸೊಂಟಕ್ಕೆ ಸುತ್ತಿ ಹಿಂದೆ ಓಡಿದರು.

ಅಂದು ಹೊತ್ತು ಮುಳುಗುವುದರೊಳಗೆ ಲಾಡಬಿ ಆ ಹಗೇವಿಗೆ ಕಲ್ಲು ತುಂಬಿದಳು, ಮಣ್ಣು ತುಂಬಿದಳು, ಮೇಲೆ ನಿಂತು ತುಳಿದಳು. ಸುಣ್ಣದ ಕಲ್ಲುಗಳನ್ನೂ ಒಂದೊಂದಾಗಿ ಒಳಗೆ ಹಾಕಿದಳು. ಮಳೆಗಾಲ ಬಂತು, ನೀರು ಏರಿತು.

ಮುಂದಿನ ಬೇಸಿಗೆಯಲ್ಲಿ ಮಾಸ್ತರರ ಕುಟುಂಬ ಮತ್ತೆ ಬಂತು. ಬರುವರೆಂದು ಲಾಡಬಿ ಅಂದುಕೊಂಡಿರಲಿಲ್ಲ. ಭಾಗೂಗೆ ಹೊಸ ಹಲ್ಲು ಬಂದಿದ್ದವು. ಅವಳು ಲಾಡಬಿಯ ಕೈ ಬಿಡದೆ ನಡೆದಳು. ಸುತ್ತಲೂ ಸಪಾಟಾದ ನೆಲ, ಮೇಲೆ ಕಿರುಚುವ ರೀವಗಳು.

"ಅಜ್ಜಿ, ನಿಮ್ಮ ಮನಿ ಎಲ್ಲಿತ್ತು?"

ಲಾಡಬಿ ಬಡಿಗೆ ಎತ್ತಿ ಒಂದು ಕಡೆ ತೋರಿಸಿದಳು. ಆಮೇಲೆ ಅದನ್ನು ಸ್ವಲ್ಪ ಎಡಕ್ಕೆ ಸರಿಸಿದಳು, ಮತ್ತೆ ಬಲಕ್ಕೆ ತಂದಳು, ಕಡೆಗೆ ಕೆಳಗಿಳಿಸಿದಳು.

"ಇಲ್ಲೇ ಎಲ್ಲೋ ಇತ್ತವ್ವಾ," ಎಂದಳು.