ಗುಂಡಕಲ್ಲು ಕೂತ ಸೀಟು

ಸುಮನ್ ಟೀಚರ್ ಕಾರು ಹೊರಗೆ ತೆಗೆದರೆ ಖಾನಾಪುರದ ಆ ಓಣಿಯ ನಾಯಿಗಳು ಎದ್ದು ದಾರಿ ಬಿಡುವುದಿಲ್ಲ. ಈಕೆ ಹೇಗೂ ನಿಲ್ಲಿಸುತ್ತಾಳೆಂದು ಅವಕ್ಕೆ ಗೊತ್ತು. ನಡುವಯಸ್ಸು ದಾಟಿದ ಮೇಲೆ ಗಾಡಿ ಕಲಿತವಳು. ಗಂಡ ಬಾಳಕೃಷ್ಣನಿಗೆ ಸೈಕಲ್ ಬಿಟ್ಟು ಮತ್ತೊಂದು ಬಾರದು. ಅತ್ತೆ ನೀಲಾಬಾಯಿಗೆ ಮೊಣಕಾಲು ನೋವು, ತಿಂಗಳಿಗೊಮ್ಮೆ ಬೆಳಗಾವಿಯ ದವಾಖಾನೆ. ಮನೆಯಲ್ಲಿ ಯಾರಾದರೊಬ್ಬರು ಧೈರ್ಯ ಮಾಡಲೇಬೇಕಿತ್ತು, ಧೈರ್ಯವಿಲ್ಲದ ಇವಳೇ ಮಾಡಿದಳು. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂಬ ಅನುಮಾನಕ್ಕೆ ದೇಸೂರಿನವರೆಗೆ ಹೋಗಿ ತಿರುಗಿ ಬಂದದ್ದುಂಟು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಅನ್ನುತ್ತಾರಲ್ಲ, ಸುಮನ್‌ಳ ಹುಟ್ಟುಗುಣವೇ ಚಿಂತೆ.

ಅಂಥವಳ ಮಗಳು ಕೇತಕಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಹೆರಿಗೆ ಬೆಳಗಾವಿಯ ನೆಹರು ನಗರದ ದೊಡ್ಡ ದವಾಖಾನೆಯಲ್ಲಿ, ಬಾಣಂತನ ಖಾನಾಪುರದಲ್ಲಿ. ಅಳಿಯ ಹೃಷೀಕೇಶನಿಗೆ ಉದ್ಯಮಬಾಗದ ಕಾರ್ಖಾನೆಯಲ್ಲಿ ಕೆಲಸ, ಅವನಿಗಿರುವುದು ಬೈಕು. ಹೀಗಾಗಿ ಕೂಸು ಯಾರ ಗಾಡಿಯಲ್ಲಿ ಮನೆಗೆ ಬರುತ್ತದೆ ಎಂಬುದು ಯಾರೂ ಕೇಳದೆಯೇ ತೀರ್ಮಾನವಾಗಿತ್ತು. ಯಾರ ಮಡಿಲಲ್ಲಿ ಬರುತ್ತದೆ ಎಂಬುದೂ ತೀರ್ಮಾನವಾಗಿತ್ತು. ತೊಡಕೆಲ್ಲ ಅಲ್ಲೇ ಇದ್ದದ್ದು.

ಆ ಮನೆಯ ಕೂಸುಗಳೆಲ್ಲ ದವಾಖಾನೆಯಿಂದ ಬಂದದ್ದು ಮನೆಯ ಹಿರಿಯ ಹೆಂಗಸಿನ ಮಡಿಲಲ್ಲಿ. ಈಗ ಹಿರಿಯಳೆಂದರೆ ನೀಲಾಬಾಯಿ. ಮರಿಮೊಮ್ಮಗುವಿಗಾಗಿ ತನ್ನ ಹಳೆಯ ಇಳಕಲ್ ಸೀರೆ ಹರಿದು ಕೌದಿ ಹೊಲಿಯುತ್ತ ಕೂತಿದ್ದಳು. ಹುಟ್ಟದ ಕೂಸಿಗೆ ಹೊಸದು ತರಬಾರದು, ಹಳೆಯದು ನಡೆಯುತ್ತದೆ ಎಂಬುದು ಆಕೆಯ ಶಾಸ್ತ್ರ. ಸೂಜಿ ಹಿಡಿದ ಆ ಕೈ ಸಣ್ಣಗೆ ನಡುಗುವುದನ್ನು ಸುಮನ್ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಆ ಕೈಗೆ ಕೂಸನ್ನು ಒಪ್ಪಿಸಲು ಅವಳು ಹೆದರುತ್ತಿದ್ದಳು.

ಅದಕ್ಕೆ ಕಾರಣ ಕೇತಕಿಯ ಎಡಹುಬ್ಬಿನ ಮೇಲಿದೆ, ಬೆರಳುದ್ದದ ಹೊಲಿಗೆ ಗುರುತು. ಕೇತಕಿಗೆ ಇನ್ನೂ ವರ್ಷ ತುಂಬಿರಲಿಲ್ಲ. ನಂದಗಡದ ಮದುವೆಗೆ ಜೀಪಿನಲ್ಲಿ ಹೊರಟಿದ್ದರು. ಮುಂದೆ ನೀಲಾಬಾಯಿಯ ಮಡಿಲಲ್ಲಿ ಕೂಸು, ಹಿಂದೆ ಸುಮನ್. ಎಮ್ಮೆ ಅಡ್ಡ ಬಂತು, ಡ್ರೈವರ್ ಬ್ರೇಕ್ ಒತ್ತಿದ, ಕೂಸು ಮಡಿಲಿಂದ ಚಿಮ್ಮಿ ಎದುರಿನ ಕಬ್ಬಿಣಕ್ಕೆ ಬಡಿಯಿತು. ಜೀವ ಉಳಿಯಿತು. ಕೇಳಿದವರಿಗೆಲ್ಲ ನೀಲಾಬಾಯಿ ಹೇಳಿದ್ದು ಒಂದೇ ಮಾತು: "ಎಮ್ಮಿ ಅಡ್ಡ ಬಂತು." ಸುಮನ್ ಆಗ ಹೊಸ ಸೊಸೆ, ಏನೂ ಅನ್ನಲಿಲ್ಲ. ಆದರೆ ಮನಸ್ಸಿನೊಳಗೆ ಅಂದೇ ತೀರ್ಪು ಬರೆದಿಟ್ಟಳು, ಅತ್ತೆ ತೂಕಡಿಸುತ್ತಿದ್ದಳು, ಕೂಸನ್ನು ಬಿಟ್ಟಳು ಎಂದು. ಆಮೇಲೆ ಒಂದೇ ಒಲೆಯಲ್ಲಿ ರೊಟ್ಟಿ ಬಡಿದರು, ಒಬ್ಬರ ಜ್ವರಕ್ಕೆ ಒಬ್ಬರು ಕಷಾಯ ಕಾಯಿಸಿದರು, ಆ ಮಾತು ಮಾತ್ರ ಇಬ್ಬರೂ ಎತ್ತಲಿಲ್ಲ. ನೀಲಾಬಾಯಿಗೆ ಅಂದಿನಿಂದ ಒಂದು ಚಾಳಿ ಅಂಟಿತು. ಯಾವ ಗಾಡಿ ಹತ್ತಿದರೂ ತೊಡೆಯ ಮೇಲೊಂದು ಚೀಲವಿಟ್ಟು ಎರಡೂ ಕೈಯಿಂದ ತಬ್ಬಿ ಕೂರುತ್ತಾಳೆ. ಕಳ್ಳರ ಭಯ ಎಂದು ಮನೆಯವರು ನಗುತ್ತಾರೆ.

ಒಂಬತ್ತನೇ ತಿಂಗಳ ತಪಾಸಣೆ ಮುಗಿಸಿ ದವಾಖಾನೆಯಿಂದ ಹೊರಬಂದಾಗ ಕೇತಕಿಯೇ ಮಾತು ತೆಗೆದಳು. "ಮಮ್ಮಿ, ಕೂಸಿನ ಸೀಟ ನೋಡೂಣು ಬಾ. ಗಾಡ್ಯಾಗ ಕಟ್ಟತಾರಲ್ಲ, ಅದು."

ಸುಮನ್ ತಿಂಗಳಿಂದ ಕದ್ದು ಕದ್ದು ಮೊಬೈಲಿನಲ್ಲಿ ಅದನ್ನೇ ನೋಡುತ್ತಿದ್ದಳು. ಗಾಡಿ ಗೋಡೆಗೆ ಗುದ್ದುವುದು, ಗೊಂಬೆ ಹಾರುವುದು, ಕಟ್ಟಿದ ಗೊಂಬೆ ಕೂತಲ್ಲೇ ಉಳಿಯುವುದು. ಮೇಲೆ ಮಾತ್ರ, "ನೋಡಿದ್ರ ತಪ್ಪೇನೈತಿ" ಎಂದಳು.

ದವಾಖಾನೆಯ ಹತ್ತಿರದ ಮಕ್ಕಳ ಸಾಮಾನಿನ ಅಂಗಡಿಯಲ್ಲಿ ಜನ್ನತ ಎಂಬ ಹುಡುಗಿ ಇವರ ಪಾಲಿಗೆ ಬಂದಳು. ಬಾಯಿ ಬಡಬಡ, ನಗು ಧಾರಾಳ. "ಇದ ತೊಗೋರಿ ಮೇಡಮ್. ಗಾಡ್ಯಾಗ ಕಟ್ಟಿದ್ರ ಸೀಟು, ಚಕ್ರದ ಮ್ಯಾಲ ಇಟ್ರ ಸ್ಟ್ರಾಲರು. ಎರಡೂ ಆಗತೈತ್ರಿ. ದೂಡಿ ನೋಡ್ರಿ."

ಸುಮನ್ ಸ್ಟ್ರಾಲರಿನ ಹಿಡಿಕೆ ಹಿಡಿದು ಎರಡು ಹೆಜ್ಜೆ ದೂಡಿದಳು, ಕಾದ ಹೆಂಚು ಮುಟ್ಟಿದವಳಂತೆ ಕೈ ತೆಗೆದಳು. ಖಾಲಿ ತೊಟ್ಟಿಲು ತೂಗಬಾರದು. ಇದೂ ಚಕ್ರ ಹಚ್ಚಿದ ತೊಟ್ಟಿಲೇ ಅಲ್ಲವೇ? ಪಕ್ಕದಲ್ಲಿ ತುಂಬಿದ ಹೊಟ್ಟೆ ಹೊತ್ತ ಮಗಳು ನಿಂತಿದ್ದಾಳೆ.

ಜನ್ನತಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ. "ನಮ್ಮ ಅಮ್ಮೀನೂ ಹಂಗ ಅಂತಾರ್ರಿ" ಎಂದು ಕಪಾಟಿನಿಂದ ಒಂದು ಗೊಂಬೆ ತಂದು ಮಲಗಿಸಿದಳು. ಸುಮನ್ ಮತ್ತೆ ದೂಡಿದಳು. ಅಂಗಡಿಯ ನುಣುಪು ನೆಲದ ಮೇಲೆ ಅದು ಬೆಣ್ಣೆಯ ಹಾಗೆ ಓಡಿತು. ಅವಳ ಕಣ್ಣ ಮುಂದೆ ಬಂದದ್ದು ತನ್ನ ಓಣಿ.

"ಮನಿ ಮುಂದ ಎದ್ದ ಫರಸಿಕಲ್ಲ. ಫರಸಿ ದಾಟಿದ್ರ ಗಟಾರ. ಗಟಾರ ದಾಟಿದ್ರ ಮಲಗಿದ ಆಕಳ" ಎಂದಳು. ಕೇತಕಿ ಹೊಟ್ಟೆ ಹಿಡಿದು ನಕ್ಕಳು. ಸ್ಟ್ರಾಲರು ಅಂಗಡಿಯಲ್ಲೇ ಉಳಿಯಿತು.

ಸೀಟಿನ ವಿಷಯ ನಗುವಂಥದ್ದಾಗಿರಲಿಲ್ಲ. ಜನ್ನತ ಮೊದಲು ತೋರಿಸಿದ್ದನ್ನು ಹೊರಗೆ ಗಾಡಿಯವರೆಗೆ ಹೊತ್ತು ತಂದು ಕಟ್ಟಿ ನೋಡಿದರೆ, ಸುಮನ್‌ಳ ಹಳೆಯ ಗಾಡಿಯ ಬೆಲ್ಟು ಅದರ ಸುತ್ತ ಬಳಸಿ ಬರಲಿಲ್ಲ, ಗೇಣುದ್ದ ಕಡಿಮೆ ಬಿತ್ತು. ಜನ್ನತ ಜಗ್ಗಿದಳು, ಕೇತಕಿ ಜಗ್ಗಿದಳು. ಹಿಂದಿನ ರಿಕ್ಷಾದವನು ಹಾರ್ನ್ ಹೊಡೆದ. ಸುಮನ್ ಬೆವೆತುಹೋದಳು. ಇವತ್ತು ಬೆಲ್ಟು ಕಡಿಮೆ ಬಿದ್ದರೆ ಬದಲಿಸಬಹುದು. ಇನ್ನೇನೇನು ಕಡಿಮೆ ಇದೆಯೋ, ಅದು ಬ್ರೇಕ್ ಒತ್ತಿದ ದಿನವೇ ಗೊತ್ತಾದರೆ? ಇನ್ನೊಂದು ಸೀಟು ತಂದರು, ಅದೂ ಒಪ್ಪಲಿಲ್ಲ. ಮೂರನೆಯದು ಕೂತಿತು. ಕೂಸಿನ ಮುಖ ಗಾಡಿಯ ಹಿಂಬದಿಗೆ ಬರುವಂತೆ ಕಟ್ಟುವ ಸೀಟು. ಸುಮನ್ ಅದನ್ನು ಹಿಡಿದು ಎಳೆದಳು, ಗುದ್ದಿದಳು, ಮೊಣಕಾಲೂರಿ ಒತ್ತಿದಳು. ಅದು ಅಲುಗಲಿಲ್ಲ.

ಡಿಕ್ಕಿಯಲ್ಲಿಟ್ಟು ಬೆಡ್‌ಶೀಟು ಹೊದಿಸುವಾಗ ಕೇತಕಿ ಕೇಳಿದಳು. "ಅಜ್ಜಿಗೆ ಯಾರ ಹೇಳವ್ರು?"

"ಡಾಕ್ಟರ್ ಹೇಳ್ಯಾರ ಅಂತ ಹೇಳೂಣು. ಬರೂ ದಿನಾನ ಹೇಳೂಣು."

"ಡಾಕ್ಟರ್ ಹೇಳಿಲ್ಲಲ್ಲ?"

"ನೀ ಸುಮ್ಮನಿರು."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬುದು ಸುಮನ್‌ಳ ಲೆಕ್ಕ. ಕೂಸಿಗೆ ಸೀಟು ಎಂದರೆ ಅತ್ತೆಗೆ ಅದು ಬೇರೆಯೇ ಕೇಳಿಸುತ್ತದೆ: ನಿನ್ನ ಮಡಿಲನ್ನು ನಾವು ನಂಬುವುದಿಲ್ಲ, ಅಂದು ಬಿಟ್ಟೆಯಲ್ಲ. ಇಷ್ಟು ವರ್ಷ ನುಂಗಿಕೊಂಡ ಮಾತನ್ನು ಒಂದು ಪ್ಲಾಸ್ಟಿಕ್ ಸೀಟು ಅಂಗಳದಲ್ಲಿ ನಿಂತು ಕೂಗಿ ಹೇಳಿಬಿಡುತ್ತದಲ್ಲ ಎಂಬುದೇ ದಾರಿಯುದ್ದಕ್ಕೂ ಅವಳ ಚಿಂತೆ. ಬಾಳಕೃಷ್ಣನಿಗಷ್ಟೇ ಹೇಳಿದಳು. ಅವನು, "ಕೂಸ ಹುಟ್ಟೂ ಮುಂಚೆ ಕುಲಾವಿ ಹೊಲಿಸಿದಂಗಾತು" ಎಂದು ನಕ್ಕು, ಬಾಯಿ ಬಿಡುವುದಿಲ್ಲವೆಂದು ಮಾತು ಕೊಟ್ಟ.

ಬಾಳಕೃಷ್ಣ ಒಳ್ಳೆಯ ಮನುಷ್ಯ, ಆದರೆ ಅವನ ಬಾಯಿಗೆ ಬಾಗಿಲಿಲ್ಲ. ನಾಲ್ಕು ದಿನವೂ ಆಗಿರಲಿಲ್ಲ, ಯಾರೋ ಕೊಟ್ಟ ಹಲಸಿನ ಹಣ್ಣು ಇಳಿಸಲು ಡಿಕ್ಕಿ ತೆಗೆದ. ಕಟ್ಟೆಯ ಮೇಲೆ ಕೌದಿ ಹೊಲಿಯುತ್ತ ಕೂತಿದ್ದ ನೀಲಾಬಾಯಿ, "ಅದೇನೋ ಅದು, ಮುಚ್ಚಿಟ್ಟದ್ದು?" ಎಂದಳು.

"ಕೂಸಿನ ಸೀಟವ್ವಾ. ಕೂಸ ಜಾರಿ ಬೀಳಬಾರದಂತ..."

ಅಡುಗೆಮನೆಯಲ್ಲಿ ಸುಮನ್‌ಳ ಕೈಯ ಸೌಟು ಅಲ್ಲೇ ನಿಂತಿತು. ಇಡೀ ಭಾಷೆಯಲ್ಲಿ ಇವನಿಗೆ ಬೇರೆ ಶಬ್ದವೇ ಸಿಗಲಿಲ್ಲವೇ?

ನೀಲಾಬಾಯಿ ಕೌದಿ ಮಡಚಿ ಒಳಗೆ ಬಂದಳು. ರಾತ್ರಿ ಅರ್ಧ ರೊಟ್ಟಿಗೆ ಕೈ ತೊಳೆದಳು. ಸುಮನ್, "ಅತ್ತಿ, ಇನ್ನೊಂದ ಚೂರ ಪಲ್ಯಾ ಹಾಕಲೇನ್ರಿ?" ಎಂದರೆ ತಲೆ ಅಲ್ಲಾಡಿಸಿದಳು. ಬೈದಿದ್ದರೆ ಬೈಸಿಕೊಂಡು ಹಗುರಾಗಬಹುದಿತ್ತು. ಬಿಸಿ ತುಪ್ಪ ಬಾಯಿಗೆ ಬಿದ್ದವಳ ಹಾಗಾಯಿತು ಸುಮನ್‌ಳ ಪಾಡು. ಕ್ಷಮೆ ಕೇಳಲು ಹೋದರೆ ಯಾವುದಕ್ಕೆ ಕ್ಷಮೆ ಎಂದು ಹೇಳಬೇಕಾಗುತ್ತದೆ.

ಮರುದಿನ ಭಾನುವಾರ. ಶೇಂಗಾ ಚಟ್ನಿ ಅರೆಯಲು ಹೋದರೆ ಗುಂಡಕಲ್ಲು ಇಲ್ಲ. ಒರಳು ಇದೆ, ಅದರ ಕಲ್ಲಿಲ್ಲ. ಹುಡುಕುತ್ತ ಹೊರಗೆ ಬಂದರೆ ಗಾಡಿಯ ಹಿಂದಿನ ಸೀಟಿನಲ್ಲಿ ನೀಲಾಬಾಯಿ ಕೂತಿದ್ದಾಳೆ. ಪಕ್ಕದಲ್ಲಿ ಕೂಸಿನ ಸೀಟು. ಅದರೊಳಗೆ, ಕೇತಕಿ ಹುಟ್ಟಿದಾಗ ಹೊಲಿಸಿದ ಹಳೆಯ ಕುಂಚಗಿ ಟೊಪ್ಪಿಗೆ ತೊಟ್ಟು ಗುಂಡಕಲ್ಲು ಮಲಗಿದೆ. ನಾಮಕರಣದ ದಿನ ತೊಟ್ಟಿಲಿಗೆ ಮೊದಲು ಹಾಕುವುದು ಗುಂಡಕಲ್ಲನ್ನೇ, ಹೀಗೇ ಕುಂಚಗಿ ತೊಡಿಸಿ, ಆಮೇಲೆ ಕೂಸು.

"ಖಾಲಿ ತೊಟ್ಟಲಾ ಮನಿಗೆ ತಂದಿಟ್ಟೀಯಲ್ಲ, ಟೀಚರಬಾಯಿ? ಇಷ್ಟೂ ತಿಳಿಯೂದಿಲ್ಲೇನು?" ಎಂದಳು ನೀಲಾಬಾಯಿ. ದನಿ ಬಿಗಿಯಾಗಿತ್ತು. "ಕಟ್ಟ ಅದನ್ನ. ನಿಮ್ಮ ಸಾಲಿ ಮೈದಾನಕ್ಕ ಗಾಡಿ ಹೊಡಿ."

"ಅತ್ತಿ, ಯಾಕ್ರಿ..."

"ನನ್ನ ಕೈಗಿಂತ ಅದೇನ ಹೆಚ್ಚಿಂದು, ನಾ ನೋಡಬೇಕು." ತೊಡೆಯ ಮೇಲೆ ಎಂದಿನ ಚೀಲವಿತ್ತು, ಇಂದು ಅದರ ತುಂಬ ಜೋಳ. "ಇದೂ ಕಲ್ಲಿನಷ್ಟ ಭಾರ ಐತಿ. ನಾ ಇದನ್ನ ಹಿಡಿತೇನಿ, ನಿನ್ನ ಸೀಟ ಅದನ್ನ ಹಿಡೀಲಿ."

ಸುಮನ್‌ಳಿಗೆ ಮನಸ್ಸಿರಲಿಲ್ಲ. ಆದರೂ ಕೂಸಿನ ಸೀಟು ಕಟ್ಟಿದಳು, ಅತ್ತೆಗೆ ಬೆಲ್ಟು ಹಾಕಿದಳು, ಮೂರು ಸಲ ಎಳೆದು ನೋಡಿದಳು. ಕಲ್ಲು ಕಿತ್ತು ಬಂದರೆ? ಅತ್ತೆಯ ಎದೆಗೆ ಬೆಲ್ಟು ಒತ್ತಿದರೆ? ಸೀಟು ಸೋತರೆ ಕೂಸಿನ ಗತಿಯೇನು, ಗೆದ್ದರೆ ಅತ್ತೆಯ ಗತಿಯೇನು? ರಜೆಯ ಮೈದಾನದಲ್ಲಿ ಒಂದು ಆಡು ಬಿಟ್ಟರೆ ಯಾರೂ ಇರಲಿಲ್ಲ. ಅದು ಬದಿಗೆ ಹೋಗುವವರೆಗೆ ಕಾದಳು.

"ಹೊಡಿ. ನಾ ಹೇಳಿದ ಕೂಡಲೆ ಬ್ರೇಕ ಹಾಕು."

ಗಾಡಿ ಓಡಿತು. ಕನ್ನಡಿಯಲ್ಲಿ ಸುಮನ್‌ಳಿಗೆ ಕಂಡದ್ದು ಅತ್ತೆಯ ಮುಖ. ಹಲ್ಲು ಕಚ್ಚಿಕೊಂಡಿದ್ದಳು, ಎರಡೂ ಕೈ ಚೀಲದ ಸುತ್ತ ಗಂಟು ಬಿದ್ದಿದ್ದವು, ಕಣ್ಣು ದಾರಿಯ ಮೇಲೆ ನೆಟ್ಟಿತ್ತು. ತೂಕಡಿಸುವವರ ಕಣ್ಣಲ್ಲ ಅದು.

"ಹಾಕು!"

ಸುಮನ್ ಒತ್ತಿದಳು. ಗಾಡಿ ಕಿರುಚಿ ನಿಂತಿತು. ಚೀಲ ನೀಲಾಬಾಯಿಯ ಕೈ ಕಿತ್ತುಕೊಂಡು ಮುಂದಿನ ಸೀಟುಗಳ ನಡುವೆ ನುಗ್ಗಿ ಗೇರಿಗೆ ಬಡಿದು ಒಡೆಯಿತು. ಜೋಳ ಗಾಡಿಯ ತುಂಬ ಸುರಿಯಿತು, ಸುಮನ್‌ಳ ಸೀರೆಯ ನೆರಿಗೆಯಲ್ಲಿ, ಕಾಲಡಿಯಲ್ಲಿ. ಗುಂಡಕಲ್ಲಿನ ಕುಂಚಗಿ ಸಹ ಜಾರಿರಲಿಲ್ಲ.

ಸುಮನ್ ಗಾಬರಿಯಿಂದ ಇಳಿದು ಹಿಂದಿನ ಬಾಗಿಲು ತೆಗೆದಳು, ಜೋಳ ನೆಲಕ್ಕೂ ಉದುರಿತು. "ಅತ್ತಿ, ಪೆಟ್ಟಾತೇನ್ರಿ?"

ನೀಲಾಬಾಯಿ ತನ್ನ ಬರಿಗೈ ನೋಡುತ್ತಿದ್ದಳು. ಬೆರಳು ಬಿಚ್ಚಿದಳು, ಮಡಚಿದಳು.

"ಹಿಡದಿದ್ದೆ" ಎಂದಳು. "ಎರಡೂ ಕೈಲೆ ಹಿಡದಿದ್ದೆ, ಸುಮನ್. ನೀ ನೋಡಿದಿಲ್ಲೋ?"

"ನೋಡಿದೆ ರೀ."

"ಅವತ್ತೂ ಹಿಂಗ ಹಿಡದಿದ್ದೆ."

ಸುಮನ್ ಜೋಳದ ಮೇಲೆಯೇ ಮೊಣಕಾಲೂರಿ ಕೂತುಬಿಟ್ಟಳು. ನುಂಗಿದ್ದ ಮಾತು ತಾನಾಗಿಯೇ ಹೊರಬಂತು. "ನೀವು ತೂಕಡಿಸಿದ್ರಿ ಅಂತ ತಿಳ್ಕೊಂಡಿದ್ದೆ ರೀ ಅತ್ತಿ. ಇಷ್ಟ ವರ್ಷ."

"ನಾನೂ ಹಂಗ ತಿಳ್ಕೊಂಡಿದ್ದೆ" ಎಂದಳು ನೀಲಾಬಾಯಿ. "ಹಿಡದಿದ್ದು ನೆನಪಿತ್ತು. ಹಿಡದಿದ್ರ ಕೂಸ ಹೆಂಗ ಹೋಗತೈತಿ? ನನಗ ತಿಳೀದಂಗ ಕಣ್ಣ ಹತ್ತಿರಬೇಕು, ನಾನ ಬಿಟ್ಟಿರಬೇಕು ಅಂತ ನನ್ನಷ್ಟಕ್ಕ ನಾನ ಹೇಳಿಕೊಂಡೆ. ನೀ ಒಮ್ಮಿ ಬೈದಿದ್ರ ಅಲ್ಲ ಅಂತಿದ್ದೆ. ನೀ ಬೈಲಿಲ್ಲ. ನನಗ ಯಾರ ಮುಂದ ಅಲ್ಲ ಅನ್ನಬೇಕು ತಿಳೀಲಿಲ್ಲ."

ಸುಮನ್ ಅತ್ತೆಯ ಕೈ ಹಿಡಿದಳು. ತಾನು ಮಾತಾಡದೆ ಇದ್ದದ್ದು ದೊಡ್ಡ ಉಪಕಾರವೆಂದು ಎಷ್ಟೋ ಸಲ ಹೆಮ್ಮೆಪಟ್ಟಿದ್ದಳು. ಆ ಹೆಮ್ಮೆಗೆ ಈಗ ನಾಚಿಕೆಯಾಯಿತು, ಅಳುವೂ ಬಂತು. ಇಬ್ಬರೂ ಸೇರಿ ಜೋಳ ಆರಿಸಿದರು. ಸಿಕ್ಕಷ್ಟು ಸಿಕ್ಕಿತು, ಉಳಿದದ್ದು ಆಡಿಗಾಯಿತು.

ಕೇತಕಿಗೆ ಹೆಣ್ಣು ಹುಟ್ಟಿತು. ದವಾಖಾನೆಯ ಬಾಗಿಲಲ್ಲಿ ಕೂಸನ್ನು ಸೀಟಿನಲ್ಲಿ ಮಲಗಿಸಿದಾಗ ಸುಮನ್‌ಳಿಗಿಂತ ಮೊದಲು ಬೆಲ್ಟು ಎಳೆದು ನೋಡಿದ್ದು ನೀಲಾಬಾಯಿ. ಕೂಸಿನ ಒಂದು ಬದಿಗೆ ಕೇತಕಿ, ಇನ್ನೊಂದು ಬದಿಗೆ ತಾನು ಕೂತಳು. ತೊಡೆಯ ಮೇಲೆ ಚೀಲವಿರಲಿಲ್ಲ. ಖಾನಾಪುರದವರೆಗೂ ಸುಮನ್ ಎತ್ತಿನ ಗಾಡಿಯ ವೇಗದಲ್ಲೇ ಬಂದಳು. ಹಿಂದೆ ಬಂದವರೆಲ್ಲ ಹಾರ್ನ್ ಹೊಡೆದು ಬೈದು ಮುಂದೆ ಹೋದರು.

ಅಂಗಳದಲ್ಲಿ ಗಾಡಿ ನಿಂತ ಮೇಲೆ ಸುಮನ್ ಬೆಲ್ಟು ಬಿಚ್ಚಿ, ಕೂಸನ್ನು ಇಳಕಲ್ ಕೌದಿಯಲ್ಲಿ ಸುತ್ತಿ ಅತ್ತೆಯ ಕೈಗಿಟ್ಟಳು. ನೀಲಾಬಾಯಿ ಹೊಸ್ತಿಲತ್ತ ಹೆಜ್ಜೆ ಇಟ್ಟಳು. ಅಷ್ಟರಲ್ಲಿ ಪಕ್ಕದ ಮನೆಯಾಕೆ ಗಾಡಿಯೊಳಗೆ ಇಣುಕಿ, "ಏನ್ರಿ ನೀಲಾಬಾಯಿ, ಅಜ್ಜಿ ತೊಡಿ ಇದ್ದೂ ಕೂಸಿಗೆ ಕುರ್ಚಿ ಯಾಕ್ರಿ?" ಎಂದಳು.

ಸುಮನ್ ಅವಸರದಲ್ಲಿ ಗಾಡಿಯ ಬಾಗಿಲು ಮುಚ್ಚಲು ಹೋದಳು.

ನೀಲಾಬಾಯಿ ತಿರುಗಿ ನಿಂತಳು. ಸೊಸೆಯ ಮುಖ ಒಮ್ಮೆ ನೋಡಿ, ಓಣಿಗೆಲ್ಲ ಕೇಳುವಂತೆ ಹೇಳಿದಳು.

"ಎಮ್ಮಿ ಅಡ್ಡ ಬರ್ತಾವವ್ವಾ. ಎಷ್ಟ ಗಟ್ಟಿ ಹಿಡದ್ರೂ ಬರ್ತಾವ."