ಯಾರೂ ಕೇಳದ ಪಟ್ಟಿ

ಬ್ರಿಸ್ಬೇನ್‌ನ ನಮ್ಮ ಆಫೀಸಲ್ಲಿ ಒಂದು ಚೀನೀ ವಿಡಿಯೋ ಗೇಮನ್ನು ಬೇರೆ ದೇಶಗಳಿಗೆ ಹೊಂದಿಸುವ ಕೆಲಸ ನಡೀತಿತ್ತು. ಆಟಗಾರರು ಚಾಟ್‌ನಲ್ಲಿ ಬಳಸಬಾರದ ಪದಗಳದ್ದೇ ಒಂದು ಫೈಲು ಅದರ ಜೊತೆ ಬಂದಿತ್ತು. 'ಚುನಾವಣೆ', 'ಮುಷ್ಕರ' ಕೂಡ ಅದರಲ್ಲಿದ್ದವು.

ಪಕ್ಕದ ಸೀಟಿನ ಲಿನ್ ಚೀನಾದವಳು. ಊಟದ ಹೊತ್ತಲ್ಲಿ ಎಲ್ಲರೆದುರೇ ಕೇಳಿಬಿಟ್ಟೆ: "ಇದನ್ನೆಲ್ಲ ಹೇಗೆ ಸಹಿಸ್ಕೋತೀರಿ ನೀವು? ನಮ್ಮ ಇಂಡಿಯಾದಲ್ಲಾಗಿದ್ರೆ ಜನ ಸುಮ್ನಿರ್ತಿರ್ಲಿಲ್ಲ."

ಅವಳು ಅರ್ಧ ಊಟಕ್ಕೇ ಡಬ್ಬಿ ಮುಚ್ಚಿದಳು.

ಮಧ್ಯಾಹ್ನ, ಇಂಡಿಯಾಕ್ಕೆಂದು ನಾನು ಇಂಗ್ಲಿಷ್ ಅರ್ಥದ ಸಮೇತ ಮಾಡಿದ್ದ ಅಂಥದೇ ಪದಗಳ ಪಟ್ಟಿ ಪರಿಶೀಲನೆಗೆ ಅವಳ ಕೈಗೇ ಹೋಯಿತು. ಸ್ವಲ್ಪ ಹೊತ್ತಿಗೆ ಕುರ್ಚಿ ತಿರುಗಿಸಿ ಮೆಲ್ಲಗೆ ಕೇಳಿದಳು: "ಬೈಗುಳಗಳು ಸರಿ. 'ರೈತರ ಹೋರಾಟ', 'ಮೀಸಲಾತಿ', ಇವನ್ನೆಲ್ಲ ತಡೆಯೋಕೆ ಯಾರು ಹೇಳಿದ್ರು? ಸರ್ಕಾರದವ್ರಾ?"

"ಇಲ್ಲ."

"ಮ್ಯಾನೇಜರಾ?"

"ಯಾರೂ ಹೇಳಿಲ್ಲ. ಸುಮ್ನೆ ತಾಪತ್ರಯ ಯಾಕೆ ಅಂತ ನಾನೇ ಸೇರಿಸ್ದೆ."

ಅವಳು ನಗಲಿಲ್ಲ. "ನಮ್ಮಪ್ಪನೂ ಒಂದು ಪತ್ರಿಕೇಲಿ ಪದಗಳನ್ನ ತಡೆಯೋ ಇದೇ ಕೆಲಸ ಮಾಡ್ತಿದ್ರು," ಅಂದಳು. "ಆದ್ರೆ ಅವ್ರಿಗೆ ಹೇಳೋರಿದ್ರು."

ಆ ಪದಗಳನ್ನು ಪಟ್ಟಿಯಿಂದ ತೆಗೆದೆ, ಅವಳ ಮುಖ ನೋಡೋಕಾಗಲಿಲ್ಲ. ಸಂಜೆ ಮನೆಗೆ ಹೋಗುವ ಟ್ರೇನಿನಲ್ಲಿ ಕೂತು ಅವಳಿಗೊಂದು ಕ್ಷಮೆಯ ಮೆಸೇಜು ಬರೆದೆ. 'ನನಗೆ ನಾಚಿಕೆಯಾಗಿದೆ' ಅನ್ನುವ ಸಾಲೂ ಇತ್ತು ಅದರಲ್ಲಿ. ಕಳಿಸೋ ಮುಂಚೆ, ಯಾರೂ ಹೇಳದಿದ್ದರೂ, ಆ ಸಾಲನ್ನು ಅಳಿಸಿಬಿಟ್ಟೆ.