ಸಂಜೆ ದವಾಖಾನೆಯ ಚನ್ನಬಸಯ್ಯ ಮಾಸ್ತರರು

ರಾಜನ ಕಥೆಯಾಗಿದ್ದರೆ ಕುದುರೆಯಿಂದ ಶುರುಮಾಡಬಹುದಿತ್ತು. ಇದು ಮಾಸ್ತರರ ಕಥೆ, ಲೋಕಲ್ ಗಾಡಿಯಿಂದಲೇ ಶುರುವಾಗಬೇಕು. ಸ್ವಾತಂತ್ರ್ಯ ಬಂದು ಆರೇಳು ವರ್ಷವಾಗಿದ್ದ ಕಾಲ. ಧಾರವಾಡದ ಕಡೆಯ ಚನ್ನಬಸಯ್ಯನವರು ಮುಂಬಯಿಯಲ್ಲಿ, ಮುಲುಂಡಿನ ಚಾಳಿನಿಂದ ದಿನಾ ಕೋಟೆ ಭಾಗದ ಕಾಲೇಜಿಗೆ ಹೋಗಿಬರುತ್ತಿದ್ದರು. ಸಮಾಜಶಾಸ್ತ್ರದಲ್ಲಿ ಸಂಶೋಧನೆ ಮಾಡುವವರಿಗೆ ಅವರು ಗುರು. ಗಾಡಿ ಸಯನ್ ಸ್ಟೇಷನ್ ದಾಟುವಾಗ ಧಾರಾವಿಯ ಕಡೆಯಿಂದ ಹಸಿ ಚರ್ಮದ ವಾಸನೆ ಬರುತ್ತಿತ್ತು. ಉಳಿದವರು ಮೂಗಿಗೆ ಕರವಸ್ತ್ರ ಹಿಡಿದರೆ ಮಾಸ್ತರರು ಆ ಕಡೆಗೇ ಕತ್ತು ಚಾಚುತ್ತಿದ್ದರು. ಅಲ್ಲೊಂದು ದವಾಖಾನೆ ಇತ್ತು. ಅದರ ಬಾಗಿಲು ಮಧ್ಯಾಹ್ನಕ್ಕೇ ಮುಚ್ಚುತ್ತಿತ್ತು. ಅದು ಸಂಜೆಯೂ ತೆರೆದಿರಬೇಕು ಎಂಬುದು ಅವರ ಹಂಬಲ.

ಹಂಬಲ ಹಳೆಯದು. ಪ್ರಾಯದಲ್ಲಿ ಅವರು ಚರ್ಮ ಹದ ಮಾಡುವ ಹೆಂಗಸರ ಮನೆಮನೆಗೆ ತಿರುಗಿ, ಕೂಸುಗಳ ಕಾಯಿಲೆಯ ಬಗ್ಗೆ ದಪ್ಪನೆಯ ಪ್ರಬಂಧ ಬರೆದಿದ್ದರು. ತಾಯಂದಿರು ಕೆಲಸಕ್ಕೆ ಹೋಗುವ ಹೊತ್ತಿಗೆ ದವಾಖಾನೆ ತೆರೆಯುತ್ತದೆ, ಅವರು ಬರುವ ಹೊತ್ತಿಗೆ ಬೀಗ ಬಿದ್ದಿರುತ್ತದೆ. ಕೂಸು ಕಣ್ಣು ಬಿಡದಂತಾದ ಮೇಲೆಯೇ ಅವರು ಕೆಲಸ ಬಿಟ್ಟು ಓಡಿ ಬರುವುದು. ಪ್ರಬಂಧ ಓದಿದ ಯಾರೋ ಹೇಳಿ, ನಗರದ ಆರೋಗ್ಯ ಸಮಿತಿಯಿಂದ ಅವರಿಗೆ ಕರೆಯೂ ಬಂತು. ಅಂದು ನಡೆದದ್ದನ್ನು ಅವರ ಹೆಂಡತಿ ಮಲ್ಲವ್ವನ ಬಾಯಲ್ಲೇ ಕೇಳಬೇಕು. ನಳದ ಹತ್ತಿರ ಹೆಂಗಸರು ಕೂಡಿದಾಗೆಲ್ಲ ಆಕೆ ಹೇಳುತ್ತಿದ್ದಳು:

"ನಮ್ಮವ್ರು ತಾಸುಗಟ್ಲೆ ಓದಿದ್ರಂತ. ಅಧ್ಯಕ್ಷ ಪಾಪ, ಈಗ ನಾವೇನ್ ಮಾಡಬೇಕ್ರಿ ಮಾಸ್ತರ ಅಂತ ಕೇಳ್ಯಾನ. ಇವ್ರು ಏನಂದ್ರಂತೀರಿ? ಇನ್ನೂ ಸಂಶೋಧನಾ ಆಗಬೇಕ್ರಿ ಅಂದ್ರಂತ."

"ಆಮ್ಯಾಲ?"

"ಆಮ್ಯಾಲೇನು, ಎಲ್ಲಾರೂ ಚಾ ಕುಡಿಯಾಕ ಎದ್ದು ಹೋದ್ರು."

ಹೆಂಗಸರು ನಗುತ್ತಿದ್ದರು. ಒಳಗೆ ಕೂತ ಮಾಸ್ತರರಿಗೂ ಕೇಳಿಸುತ್ತಿತ್ತು. ಮಾಡಬಲ್ಲವರ ಮುಂದೆ ನಿಂತು, ಮಾಡಬಹುದಾದ ಒಂದು ಮಾತನ್ನು ಹೇಳುವುದು ಹೇಗೆಂದು ತಮಗೆ ಯಾರೂ ಕಲಿಸಿರಲಿಲ್ಲ. ಇನ್ನೊಮ್ಮೆ ಹೋಗೋಣವೆಂದರೆ ವಿಭಾಗದ ಮುಖ್ಯಸ್ಥರು ಅಡ್ಡ ನಿಂತರು. "ನಾವು ಸಂಶೋಧಕರು, ಅರ್ಜಿದಾರರಲ್ಲ. ಇನ್ನು ಮುಂದೆ ನೀವು ಸಮಿತಿಯ ಮುಂದೆ ಬಾಯಿ ತೆರೆಯಕೂಡದು."

ತಮ್ಮ ಬಾಯಿಗೆ ಬೀಗ ಬಿದ್ದ ಮೇಲೆ ಅವರು ಇತರರ ಬಾಯಿ ಬಿಡಿಸಲು ಹೊರಟರು. ಪ್ರತಿ ಭಾನುವಾರ ಅವರ ಬಳಿ ಓದುವ ಕನ್ನಡದ ಸಂಶೋಧಕರು ಮುಲುಂಡಿನ ಮನೆಗೆ ಬರಬೇಕು, ತಮ್ಮ ಪ್ರಬಂಧವನ್ನು ಮಲ್ಲವ್ವನಿಗೆ ಕನ್ನಡದಲ್ಲಿ ಹೇಳಬೇಕು. ಮಾಸ್ತರರ ಊರಿನ ಕಡೆ ಕಥೆ ಹೇಳುವವರ ಎದುರು ಒಬ್ಬರು ಕೂತು ಮಾತುಮಾತಿಗೆ "ಹೂಂ" ಅನ್ನುವುದು ರೂಢಿ. ಹೂಂ ನಿಂತಲ್ಲಿ ಕಥೆಯೂ ನಿಲ್ಲುತ್ತದೆ, ಹೇಳುವವರು ಹಿಂದಕ್ಕೆ ಹೋಗಿ ದಾರಿ ಸರಿಮಾಡಿಕೊಂಡು ಬರಬೇಕು. ಮಾಸ್ತರರ ಪಾಠವೆಂದರೆ ಇಷ್ಟೇ. ಮಲ್ಲವ್ವ ರೇಷನ್ ಗೋಧಿ ಹಸನು ಮಾಡುತ್ತ ಕೂರುತ್ತಿದ್ದಳು. ಎಷ್ಟೋ ಜಾಣರು ಆಕೆಯಿಂದ ಒಂದೂ ಹೂಂ ಗಿಟ್ಟಿಸಲಾರದೆ ಚಾ ಕುಡಿದು ಹೋದರು.

ಹಾಗಿರುವಾಗ ನೀಲಾವತಿ ಬಂದಳು. ಮಾಟುಂಗಾದಲ್ಲಿ ಹೋಟೆಲು ಇಟ್ಟಿದ್ದ ಉಡುಪಿಯವರ ಮಗಳು. ಮಾಸ್ತರರ ಹಳೆಯ ವಿಷಯವನ್ನೇ ಎತ್ತಿಕೊಂಡು ಧಾರಾವಿಗೆ ಓಡಾಡಿ ಬಂದಿದ್ದಳು.

"ಚರ್ಮೋದ್ಯಮದಲ್ಲಿ ತೊಡಗಿರುವ ಮಹಿಳೆಯರ ಆರೋಗ್ಯಸೇವಾ ಬಳಕೆಯ ಸ್ವರೂಪವು..." ಎಂದು ಆರಂಭಿಸಿ, ನಿಂತಳು. "ಅಕ್ಕ, ಹೂಂ ಅನ್ನಿ ಮಾರಾಯ್ರೆ."

"ಎದಕ್ಕನ್ಲಿ? ನಿನ್ನ ಕಥಿಯಾಗ ಇನ್ನೂ ಯಾರೂ ಬಂದ ಇಲ್ಲಲ್ಲ."

ಮಾಸ್ತರರು ಮೀಸೆಯೊಳಗೆ ನಕ್ಕರು. "ಒಬ್ಬಾಕಿನ್ನ ಕರಕೊಂಡು ಬಾ ತಂಗಿ."

ನೀಲಾವತಿ ಸ್ವಲ್ಪ ಯೋಚಿಸಿದಳು. "ರುದ್ರವ್ವ ಅಂತ ಒಬ್ರು ಇದ್ದಾರೆ. ಬಿಜಾಪುರದ ಕಡೆಯವರು."

"ಹೂಂ."

"ಚರ್ಮ ತೊಳೆಯುವ ಕೆಲಸ. ಬೆಳಿಗ್ಗೆ ಒಳಗೆ ಹೋದ್ರೆ ಹೊತ್ತು ಮುಳುಗುವಾಗ ಹೊರಗೆ ಬರುವುದು."

"ಹೂಂ."

"ಬಂದು ನೋಡಿದ್ರೆ ಮಗುವಿಗೆ ಜ್ವರ. ದವಾಖಾನೆ ಬಂದ್."

"ಹೂಂ. ಆಮ್ಯಾಲ?"

"ಆಮೇಲೆ ಎಂಥದ್ದು ಅಕ್ಕ. ಹಣೆಗೆ ಒದ್ದೆ ಬಟ್ಟೆ ಹಾಕಿ ಬೆಳಗಾಗ್ಲಿ ಅಂತ ಕೂತ್ರು."

ಮೊರದಲ್ಲಿ ಆಡುತ್ತಿದ್ದ ಮಲ್ಲವ್ವನ ಕೈ ನಿಂತಿತು. ಮಾಸ್ತರರು ಮೆಲ್ಲಗೆ ಹೇಳಿದರು: "ಈಗ ಕೇಳು, ಏನು ಬೇಕು ಅಂತ. ಒಂದ ಕೇಳು. ಅವರ ಕೈಲೆ ಆಗೂದನ್ನ ಕೇಳು."

ಮಳೆಗಾಲ ಪೂರ್ತಿ ಈ ಅಭ್ಯಾಸ ನಡೆಯಿತು. ಕನ್ನಡದಲ್ಲಿ ಹದವಾದದ್ದನ್ನು ನೀಲಾವತಿ ಮರಾಠಿಗೆ ತಿರುಗಿಸಿಕೊಂಡಳು. ಮಾಟುಂಗಾದ ಮಹಿಳಾ ಮಂಡಳಿಯವರು ತಮ್ಮ ಪರವಾಗಿ ಅವಳು ಮಾತಾಡಲೆಂದು ಸಮಿತಿಯ ಒಪ್ಪಿಗೆ ತಂದರು.

ಆ ದಿನ ಮಾಸ್ತರರು ರಜೆ ಹಾಕಿ, ಸಭೆಯ ಹಿಂದುಗಡೆ ಪ್ರೇಕ್ಷಕರ ಬೆಂಚಿನ ಮೇಲೆ ಕೂತರು. ಅಲ್ಲಿ ಕೂತವರು ಮಾತಾಡುವಂತಿಲ್ಲ. ನೀಲಾವತಿ ಎದ್ದು ನಿಂತು ರುದ್ರವ್ವನ ಹೆಸರು ಹೇಳಿ, ಹೂಂ ಬರಲೆಂದು ತಡೆದಳು. ಬರಲಿಲ್ಲ. ಅಧ್ಯಕ್ಷರು ಕಾಗದದ ಮೇಲೆ ಕಣ್ಣಿಟ್ಟಿದ್ದರು. ಒಬ್ಬ ಸದಸ್ಯರು ಅಂಗೈಯಲ್ಲಿ ತಂಬಾಕು ತಿಕ್ಕುತ್ತಿದ್ದರು. ಆ ಕೋಣೆಯಲ್ಲಿ ಸುಮ್ಮನಿರುವುದೇ ಕೇಳುವ ರೀತಿ. ನೀಲಾವತಿಗೆ ಅದು ಹೇಗೆ ಗೊತ್ತಾಗಬೇಕು? ಇವರಿಗೆ ತಿಳಿಯಲಿಲ್ಲ ಎಂದುಕೊಂಡು ಹಿಂದಕ್ಕೆ ಹೋಗಿ ಮತ್ತೆ ರುದ್ರವ್ವನಿಂದಲೇ ಶುರುಮಾಡಿದಳು. ಮತ್ತೆ ತಡೆದಳು. ಮತ್ತೆ ಹಿಂದಕ್ಕೆ ಹೋದಳು.

"ಬಾಯಿಯವರೇ, ಆಕೆಯ ಹೆಸರು ಕೇಳಿ ಆಯಿತು," ಎಂದು ಅಧ್ಯಕ್ಷರು ಮರಾಠಿಯಲ್ಲಿ ಹೇಳಿ ಗಡಿಯಾರ ನೋಡಿದರು.

ಮಾಸ್ತರರು ಬೆಂಚಿನ ತುದಿಗೆ ಸರಿದರು. ಹೂಂ ಅನ್ನದ ಜಾಗಗಳೂ ಇರುತ್ತವೆಂದು ಅವಳಿಗೆ ಹೇಳಿಕೊಡಲು ಅವರು ಮರೆತಿದ್ದರು. ಇಂದು ತಪ್ಪಿದರೆ ಈ ವಿಷಯ ಇನ್ಯಾವಾಗ ಸಮಿತಿಗೆ ಬರುತ್ತದೋ. ತಾವು ಬಾಯಿ ತೆರೆದರೆ ನೌಕರಿಗೆ ಕುತ್ತು. ಎದುರಿಗೆ ನೀಲಾವತಿ ಮತ್ತೊಮ್ಮೆ "ರುದ್ರವ್ವ ಅಂತ ಒಬ್ಬರು" ಎಂದಳು.

"ಹೂಂ," ಎಂದರು ಮಾಸ್ತರರು.

ಎಲ್ಲರೂ ತಿರುಗಿದರು. ನೀಲಾವತಿ ಮಾತ್ರ ತಿರುಗಲಿಲ್ಲ, ಮುಂದಿನ ಮಾತು ಹೇಳಿದಳು. ಇನ್ನೊಂದು ಹೂಂ ಬಂತು. ಬಾಗಿಲು ಕಾಯುವ ಸಿಪಾಯಿ ಮಾಸ್ತರರ ಭುಜ ಮುಟ್ಟಿ ಹೊರಗೆ ನಡೆಯಿರಿ ಎಂದು ಸನ್ನೆ ಮಾಡಿದ.

"ಇರಲಿ ಬಿಡು," ಎಂದರು ಅಧ್ಯಕ್ಷರು. "ನಮ್ಮ ಅಜ್ಜಿಗೂ ಹೀಗೇ ಅನ್ನದಿದ್ದರೆ ಕಥೆ ಮುಂದೆ ಹೋಗುತ್ತಿರಲಿಲ್ಲ. ಹೇಳಿ ಬಾಯಿಯವರೇ, ನಾವೇನು ಮಾಡಬೇಕು?"

"ವಾರಕ್ಕೆ ಎರಡು ಸಂಜೆ ಆ ಬಾಗಿಲು ತೆರೆಸಿ. ಅಷ್ಟೇ."

ಅಧ್ಯಕ್ಷರು ಪಕ್ಕದವರ ಕಿವಿಯಲ್ಲಿ ಏನೋ ಕೇಳಿ ತಲೆಯಾಡಿಸಿದರು. ಹಾಗೆಂದು ಸಮಿತಿಯ ಠರಾವು ಪಾಸಾಯಿತು.

ಮೆಟ್ಟಿಲು ಇಳಿಯುವಾಗ ನೀಲಾವತಿಯ ಕಣ್ಣು ತುಂಬಿತ್ತು. "ಸರ್, ನೀವು ಹೂಂ ಅಂದದ್ದಕ್ಕೆ ನಂಗೆ ಜೀವ ಬಂತು."

"ನಾ ಎಲ್ಲಿ ಅಂದೆ? ಕೆಮ್ಮು ಬಂದಿತ್ತು," ಎಂದರು ಮಾಸ್ತರರು.

ಠರಾವು ಆದದ್ದೇನೋ ನಿಜ, ಆದರೆ ಸಂಜೆ ಕೂರಲು ಒಪ್ಪುವ ಡಾಕ್ಟರು ಸಿಗಲಿಲ್ಲ. ದೀಪಾವಳಿ ಹೋಯಿತು, ಸಂಕ್ರಾಂತಿಯೂ ಹೋಯಿತು. ನೀಲಾವತಿಗೆ ದೆಹಲಿಯಲ್ಲಿ ಕೆಲಸ ಸಿಕ್ಕಿ ಹೊರಟುಹೋದಳು. ಮಾಸ್ತರರು ಎಷ್ಟೋ ಸಂಜೆ ಸಯನ್‌ನಲ್ಲಿ ಇಳಿದು, ನಡೆದು ಹೋಗಿ, ಮುಚ್ಚಿದ ಬಾಗಿಲು ನೋಡಿಕೊಂಡು ಬರುತ್ತಿದ್ದರು.

"ಇವತ್ತೂ ಇಳದ್ರಿ?" ಎಂದು ಕೇಳುವಳು ಮಲ್ಲವ್ವ.

"ಗಾಡ್ಯಾಗ ಗದ್ದಲ ಭಾಳ ಇತ್ತು."

ಆಕೆ ರೊಟ್ಟಿ ಬಡಿಸುವಳು.

ಬೇಸಿಗೆಯ ಒಂದು ಸಂಜೆ ಮಾತ್ರ ಬೇರೆಯಾಗಿತ್ತು. ದವಾಖಾನೆಯೊಳಗೆ ದೀಪ ಹತ್ತಿತ್ತು, ಹೊರಗೆ ಹೆಂಗಸರ ಸಾಲು. ಕೆಲಸದಿಂದ ನೇರ ಬಂದವರು, ಒದ್ದೆ ಸೆರಗು, ಚರ್ಮ ಹದ ಮಾಡುವ ಸುಣ್ಣಕ್ಕೆ ಸುಲಿದ ಬೆರಳು. ಯಾರೋ "ರುದ್ರವ್ವಾ, ಮುಂದ ಸರಿ" ಎಂದರು. ಮಾಸ್ತರರು ಆ ಕಡೆ ತಿರುಗಿದರು. ಇಷ್ಟು ದಿನ ಕೇಳಿದ ಹೆಸರಿಗೆ ಈಗ ಮುಖ ಬಂತು. ಸೊಂಟದ ಮೇಲೆ ಕೂಸು ಇತ್ತು. ಮಾತಾಡಿಸಬೇಕೆನ್ನಿಸಿತು, ಏನೆಂದು ಮಾತಾಡಿಸುವುದು? ಸಾಲಿನ ಕೊನೆಗಿದ್ದ ಆಕೆಯ ಹಿಂದೆ ಹೋಗಿ ನಿಂತರು.

ಆಕೆಯೇ ತಿರುಗಿ ಕೇಳಿದಳು: "ನಿಮಗೇನಾಗೇತ್ರಿ ಯಪ್ಪಾ?"

"ಅಂಥಾದ್ದೇನಿಲ್ಲ ಯವ್ವಾ. ಕೂಸಿಗೆ ಹೆಂಗೈತಿ?"

"ಸಣ್ಣ ಜ್ವರ ಅದಾವ್ರಿ, ಅಷ್ಟ."

ಸಣ್ಣ ಜ್ವರಕ್ಕೇ ಬಂದಿದ್ದಾಳೆ. ಪ್ರಾಯದಲ್ಲಿ ಮನೆಮನೆಗೆ ತಿರುಗಿದಾಗ ಅವರು ಹುಡುಕಿದ್ದು ಇದನ್ನೇ, ಎಲ್ಲೂ ಕಂಡಿರಲಿಲ್ಲ. ಇದನ್ನು ಈಗಲೇ ನೀಲಾವತಿಗೆ ಹೇಳಬೇಕೆಂದು ಅವರ ಜೀವ ತುಡಿಯಿತು. ದೆಹಲಿ ಎಲ್ಲಿ, ಧಾರಾವಿ ಎಲ್ಲಿ.

ಸಾಲು ಕರಗಿ ಅವರ ಸರದಿ ಬಂತು. ಹರೆಯದ ಡಾಕ್ಟರು ತಲೆ ಎತ್ತದೆ ಏನು ತೊಂದರೆಯೆಂದು ಕೇಳಿದರು. ಮಾಸ್ತರರು ಬಾಟಲಿಗಳನ್ನು ನೋಡಿದರು, ಕೂಸುಗಳನ್ನು ತೂಗುವ ತಕ್ಕಡಿಯನ್ನು ನೋಡಿದರು.

"ಏನಿಲ್ಲ ಡಾಕ್ಟರ್. ಭಾಳ ದಿವಸದಿಂದ ಒಮ್ಮೆ ಒಳಗ ಬರಬೇಕು ಅಂತಿತ್ತು."

ಮುದುಕ ಹೇಳಲು ನಾಚುತ್ತಿದ್ದಾನೆ ಎಂದುಕೊಂಡು ಡಾಕ್ಟರು ಎದ್ದು ಬಂದರು. ಅವರ ಎದೆಗೆ ಸ್ಟೆತಾಸ್ಕೋಪು ಹಿಡಿದು, ಉಸಿರು ಎಳೆಯಿರಿ ಎಂದರು. ಮಾಸ್ತರರು ಉಸಿರು ಎಳೆದರು.

"ಎಲ್ಲ ಸರಿ ಇದೆ. ಹಾಗೇ ಅನ್ನಿಸುತ್ತಿದ್ದರೆ ಶುಕ್ರವಾರ ಬನ್ನಿ."

ಅವರು ಶುಕ್ರವಾರವೂ ಹೋದರು.